ಎಫ್‌ಇಸಿ ಲಕ್ಷ ದಾಟಿದರೆ ಲೈನ್ ಕೆಟ್ಟಿದೆಯೇ? ಡಿಎಸ್‌ಎಲ್ ಇಂಟರ್‌ಲೀವಿಂಗ್ ತೆಗೆಸುವ ಮುನ್ನ ನೋಡಬೇಕಾದ ಲೆಕ್ಕ

ಪ್ರಶ್ನೆ: ನಮ್ಮದು ದೂರವಾಣಿ ತಂತಿಯಲ್ಲಿ ಬರುವ ಎಡಿಎಸ್‌ಎಲ್2+ ಇಂಟರ್ನೆಟ್ ಸಂಪರ್ಕ. ಮೊದಲು ವೇಗ 15,600 ಕೆಬಿಪಿಎಸ್, ಪಿಂಗ್ 14 ಮಿಲಿಸೆಕೆಂಡ್ ಇತ್ತು. ಆದರೆ ದಿನಕ್ಕೆ 4,000ದಷ್ಟು ಸಿಆರ್‌ಸಿ ದೋಷ ಬರುತ್ತಿತ್ತು, ವಿಡಿಯೊ ಕರೆ ಆಗಾಗ ನಿಂತುಹೋಗುತ್ತಿತ್ತು. ದೂರು ಕೊಟ್ಟ ಮೇಲೆ ಕಂಪನಿಯವರು ಏನೋ ಬದಲಿಸಿದರು. ಈಗ ವೇಗ 15,000, ಪಿಂಗ್ 30. ಮೋಡೆಮ್ ಪುಟದಲ್ಲಿ ಎನ್ 255, ಆರ್ 16, ಡಿ 64, ಐಎನ್‌ಪಿ 1, ಡಿಲೇ 8 ಎಂದು ಎರಡು ದಿನದಿಂದ ತೋರಿಸುತ್ತಿದೆ. ಡೌನ್‌ಸ್ಟ್ರೀಮ್ ಎಫ್‌ಇಸಿ 3,40,000, ಸಿಆರ್‌ಸಿ 12, ಇಎಸ್ 9. ಅಪ್‌ಸ್ಟ್ರೀಮ್‌ನಲ್ಲೂ ಡಿಲೇ 8, ಆದರೆ ಎಫ್‌ಇಸಿ ಬರೀ 38, ಸಿಆರ್‌ಸಿ 0. ಮೂರೂವರೆ ಲಕ್ಷದ ಹತ್ತಿರ ಎಫ್‌ಇಸಿ ದೋಷ ಎಂದರೆ ಲೈನ್ ಹಾಳಾಗಿದೆ ಎಂದಲ್ಲವೇ? ಇಂಟರ್‌ಲೀವಿಂಗ್ ತೆಗೆಸಿಬಿಡಲೇ?

ಉತ್ತರ: ಡೌನ್‌ಸ್ಟ್ರೀಮ್‌ನಲ್ಲಿ, ಅಂದರೆ ದತ್ತಾಂಶ ನಿಮ್ಮ ಕಡೆಗೆ ಬರುವ ದಿಕ್ಕಿನಲ್ಲಿ, ತೆಗೆಸಬೇಡಿ. ಇಂಟರ್‌ಲೀವಿಂಗ್ ಎಂದರೆ ಬೈಟ್‌ಗಳನ್ನು ಬೆರೆಸಿ ಕಳಿಸಿ ಆ ಕಡೆ ಮತ್ತೆ ಜೋಡಿಸುವ ವಿಧಾನ. ಆ 3,40,000 ನೀವು ಕಳೆದುಕೊಂಡ ದತ್ತಾಂಶದ ಲೆಕ್ಕ ಅಲ್ಲ, ಉಳಿಸಿಕೊಂಡಿದ್ದರ ಲೆಕ್ಕ. ಎಫ್‌ಇಸಿ (ತಪ್ಪು ತಿದ್ದುವ ವ್ಯವಸ್ಥೆ) ಎಣಿಕೆ ಒಂದು ಏರಿತು ಎಂದರೆ ಒಂದು ಕೋಡ್‌ವರ್ಡ್ (ದತ್ತಾಂಶದ ಒಂದು ಕಟ್ಟು) ಕೆಟ್ಟು ಬಂತು, ಮೋಡೆಮ್ ಅದನ್ನು ತಿದ್ದಿತು, ನಿಮ್ಮ ಕಂಪ್ಯೂಟರಿಗೆ ಸರಿಯಾದದ್ದೇ ತಲುಪಿತು. ತಿದ್ದಲಾಗದೆ ಉಳಿದದ್ದು ಸಿಆರ್‌ಸಿ ಎಂಬ ತಪಾಸಣೆಯ ಎಣಿಕೆಯಲ್ಲಿ ಕಾಣುತ್ತದೆ. ಅದು ಎರಡು ದಿನಕ್ಕೆ 12. ಮೊದಲು ಎರಡು ದಿನಕ್ಕೆ 8,000 ಆಗುತ್ತಿತ್ತು.

ಎಫ್‌ಇಸಿ ಸಂಖ್ಯೆಯನ್ನು ಒಂಟಿಯಾಗಿ ನೋಡಿದರೆ ಹೆದರಿಕೆಯಾಗುವುದು ಸಹಜ. ಯಾವುದರಲ್ಲಿ ಎಷ್ಟು ಎಂದು ನೋಡಿ. ತಿದ್ದುಪಡಿಯ ಬೈಟ್‌ಗಳೂ ಸೇರಿದರೆ ನಿಮ್ಮ ತಂತಿಯ ಮೇಲೆ ಸೆಕೆಂಡಿಗೆ ಸುಮಾರು 1.6 ಕೋಟಿ ಬಿಟ್ ಹರಿಯುತ್ತಿದೆ. ಒಂದು ಕೋಡ್‌ವರ್ಡ್ 255 ಬೈಟ್, ಅಂದರೆ 2,040 ಬಿಟ್. ಹಾಗಾಗಿ ಸೆಕೆಂಡಿಗೆ 7,800ಕ್ಕೂ ಹೆಚ್ಚು ಕೋಡ್‌ವರ್ಡ್ ಬರುತ್ತವೆ, ಎರಡು ದಿನಕ್ಕೆ ಸುಮಾರು 135 ಕೋಟಿ. ಅದರಲ್ಲಿ 3.4 ಲಕ್ಷ ಎಂದರೆ ಹೆಚ್ಚುಕಡಿಮೆ 4,000ಕ್ಕೆ ಒಂದು. ಇದು ಕೆಲಸ ಮಾಡುತ್ತಿರುವ ಲೈನ್.

ತಿದ್ದುಪಡಿ ನಡೆಯುವುದು ಹೀಗೆ. ಡಿಎಸ್‌ಎಲ್ ಬಳಸುವುದು ರೀಡ್–ಸಾಲಮನ್ ಕೋಡ್. ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲಮನ್ 1960ರಲ್ಲಿ ಪ್ರಕಟಿಸಿದ ಗಣಿತ ಅದು. ಸಿಡಿಯ ಮೇಲೆ ಸಣ್ಣ ಗೀರು ಬಿದ್ದರೂ ಹಾಡು ನಿಲ್ಲದಿರುವುದು ಇದೇ ಕೋಡ್ ಮತ್ತು ಇದೇ ಇಂಟರ್‌ಲೀವಿಂಗ್ ಜೋಡಿಯಿಂದ. ನಿಮ್ಮ ಲೈನಿನಲ್ಲಿ 239 ಬೈಟ್ ದತ್ತಾಂಶಕ್ಕೆ 16 ಬೈಟ್ ಕಾವಲು ಸೇರಿಸಿ 255 ಬೈಟ್‌ನ ಕೋಡ್‌ವರ್ಡ್ ಕಟ್ಟುತ್ತಾರೆ. ಎನ್ ಎಂದರೆ ಆ 255, ಆರ್ ಎಂದರೆ ಆ 16. ಕಾವಲು ಬೈಟ್ ಎಷ್ಟಿದೆಯೋ ಅದರ ಅರ್ಧದಷ್ಟು ಕೆಟ್ಟ ಬೈಟ್‌ಗಳನ್ನು, ಅವು ಎಲ್ಲೇ ಇರಲಿ, ಹುಡುಕಿ ಸರಿಮಾಡಬಹುದು: ಒಂದು ಕೋಡ್‌ವರ್ಡಿನಲ್ಲಿ 8 ಬೈಟ್. ಒಂದು ಬೈಟಿನೊಳಗೆ ಒಂದೇ ಬಿಟ್ ಕೆಟ್ಟರೂ ಎಂಟೂ ಕೆಟ್ಟರೂ ಅದು ಒಂದೇ ದೋಷ. ಒಂಬತ್ತನೆಯ ಬೈಟ್ ಕೆಟ್ಟಿತೋ, ಆ ಕೋಡ್‌ವರ್ಡ್ ಕೈಬಿಟ್ಟಂತೆಯೇ.

ತೊಂದರೆ ಏನೆಂದರೆ ದೂರವಾಣಿ ತಂತಿಯ ಮೇಲಿನ ಗದ್ದಲ ಒಂದೊಂದೇ ಬೈಟ್ ಕೆಡಿಸುವುದಿಲ್ಲ. ಫ್ರಿಜ್ ಮೋಟರ್ ಶುರುವಾಯಿತು, ಸ್ವಿಚ್ಚಿನಲ್ಲಿ ಕಿಡಿ ಹಾರಿತು ಎಂದರೆ ಆ ಕ್ಷಣಕ್ಕೆ ಹಾದುಹೋಗುತ್ತಿದ್ದುದೆಲ್ಲ ಒಟ್ಟಿಗೆ ಹೋಗುತ್ತದೆ. ಎಡಿಎಸ್‌ಎಲ್ ಸೆಕೆಂಡಿಗೆ 4,000 ಸಿಂಬಲ್ (ಒಮ್ಮೆಗೆ ಕಳಿಸುವ ಸಂಕೇತದ ತುಂಡು) ಕಳಿಸುತ್ತದೆ, ಒಂದೊಂದು 250 ಮೈಕ್ರೊಸೆಕೆಂಡ್. ನಿಮ್ಮ ವೇಗದಲ್ಲಿ ಒಂದು ಸಿಂಬಲ್ಲಿನಲ್ಲಿ 500 ಬೈಟ್ ಇರುತ್ತವೆ. ಒಂದೇ ಸಿಂಬಲ್ ಹಾಳಾದರೂ 500 ಬೈಟ್ ಸಾಲಾಗಿ ಕೆಟ್ಟವು, ಎರಡು ಪೂರ್ತಿ ಕೋಡ್‌ವರ್ಡ್‌ನಷ್ಟು. 8 ಬೈಟ್ ತಿದ್ದುವ ಶಕ್ತಿ ಅಲ್ಲಿ ಯಾವ ಲೆಕ್ಕಕ್ಕೂ ಇಲ್ಲ.

ಇಂಟರ್‌ಲೀವಿಂಗ್ ಬರುವುದು ಇಲ್ಲಿಗೆ. ನಾಲ್ಕು ಪದ ಕಳಿಸಬೇಕು ಎಂದುಕೊಳ್ಳಿ: ಮಳೆಗಾಲ, ನದಿತೀರ, ಮರಗಿಡ, ಹಸಿರೆಲೆ. ಪದಕ್ಕೆ ಒಂದು ಅಕ್ಷರ ಬಿಟ್ಟುಹೋದರೆ ಊಹಿಸಬಹುದು, ಹೆಚ್ಚು ಹೋದರೆ ಆಗದು. ಒಂದರ ಹಿಂದೆ ಒಂದು ಕಳಿಸುವಾಗ ಮೂರನೆಯದಕ್ಕೆ ಸರಿಯಾಗಿ ಗದ್ದಲ ಬಡಿದರೆ ನಾಲ್ಕು ಅಕ್ಷರವೂ ಹೋಗಿ ‘ಮರಗಿಡ’ ಇಡಿಯಾಗಿ ಮಾಯ. ಬದಲಿಗೆ ಪದಗಳನ್ನು ಒಂದರ ಕೆಳಗೊಂದು ಬರೆದು ಮೇಲಿಂದ ಕೆಳಕ್ಕೆ ಓದಿ ಕಳಿಸಿ:

ಮ ನ ಮ ಹ – ಳೆ ದಿ ರ ಸಿ – ಗಾ ತೀ ಗಿ ರೆ – ಲ ರ ಡ ಲೆ

ಈಗ ಅದೇ ಗದ್ದಲ ಮೂರನೆಯ ಗುಂಪನ್ನು ನುಂಗಿತು. ಆ ಕಡೆ ಮತ್ತೆ ಪದಗಳಾಗಿ ಜೋಡಿಸಿದರೆ ಸಿಗುವುದು ಮಳೆ_ಲ, ನದಿ_ರ, ಮರ_ಡ, ಹಸಿ_ಲೆ. ನಷ್ಟ ಅಷ್ಟೇ, ನಾಲ್ಕು ಅಕ್ಷರ. ಆದರೆ ನಾಲ್ಕೂ ಪದ ಓದಲು ಬರುತ್ತದೆ. ನಿಜವಾದ ಮೋಡೆಮ್ ಹೀಗೆ ಚೌಕಟ್ಟು ತುಂಬಿಸಿ ಖಾಲಿ ಮಾಡುವುದಿಲ್ಲ. ಕೋಡ್‌ವರ್ಡಿನ ಒಂದೊಂದು ಬೈಟನ್ನು ಅದರ ಸ್ಥಾನಕ್ಕೆ ತಕ್ಕಂತೆ ಬೇರೆ ಬೇರೆ ಹೊತ್ತು ತಡೆದು ಬಿಡುತ್ತದೆ. ಅದರಿಂದ ನೆನಪಿನ ಜಾಗವೂ ವಿಳಂಬವೂ ಅರ್ಧದಷ್ಟಕ್ಕೆ ಇಳಿಯುತ್ತದೆ. ಹಂಚಿಕೆಯ ತತ್ವ ಮಾತ್ರ ಇದೇ.

ನಿಮ್ಮ ಪುಟದ ಡಿ 64 ಎಂದರೆ ಒಂದು ಹೊಡೆತವನ್ನು 64 ಕೋಡ್‌ವರ್ಡ್‌ಗಳಿಗೆ ಹಂಚುವ ಆಳ. 500 ಕೆಟ್ಟ ಬೈಟ್‌ಗಳನ್ನು 64ರಿಂದ ಭಾಗಿಸಿ: 7.8. ಕೋಡ್‌ವರ್ಡಿಗೆ 8ರೊಳಗೇ ಉಳಿಯಿತು, ಎಲ್ಲವೂ ತಿದ್ದಿಹೋಯಿತು. ಪುಟದಲ್ಲಿರುವ ‘ಐಎನ್‌ಪಿ 1’ ಹೇಳುವುದೂ ಇದನ್ನೇ: ಒಂದು ಸಿಂಬಲ್, ಅಂದರೆ 250 ಮೈಕ್ರೊಸೆಕೆಂಡಿನ ಹೊಡೆತ ಬಂದರೆ ತಡೆದುಕೊಳ್ಳುತ್ತೇನೆ. ಇಂಥ ಒಂದು ಹೊಡೆತಕ್ಕೇ ಎಫ್‌ಇಸಿ ಎಣಿಕೆ 64ರಷ್ಟು ಏರಬಹುದು. ಹಾಗೆ ನೋಡಿದರೆ ನಿಮ್ಮ 3.4 ಲಕ್ಷದ ಹಿಂದೆ ಇರುವುದು ಕೆಲವೇ ಸಾವಿರ ಹೊಡೆತ, ಮೊದಲು ಸಿಆರ್‌ಸಿಯಾಗಿ ಕಾಣುತ್ತಿದ್ದ ಅದೇ ಗದ್ದಲ. ಲೈನ್ ಹೊಸದಾಗಿ ಕೆಟ್ಟಿಲ್ಲ. ಮೊದಲು ತಿದ್ದುವ ವ್ಯವಸ್ಥೆಯೇ ಇರಲಿಲ್ಲ, ಎಣಿಸಲು ಎಫ್‌ಇಸಿಯೂ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಇದಕ್ಕೆ ನೀವು ಕೊಟ್ಟ ಬೆಲೆ ಎರಡು ಬಗೆಯದು.

ಒಂದು, ಸಮಯ. ಚೆಲ್ಲಿದ ಬೈಟ್‌ಗಳೆಲ್ಲ ಬಂದು ಸೇರುವವರೆಗೆ ಕೋಡ್‌ವರ್ಡ್ ಪೂರ್ತಿಯಾಗುವುದಿಲ್ಲ, ಅಲ್ಲಿಯವರೆಗೆ ಕಾಯಲೇಬೇಕು. ‘ಡಿಲೇ 8’ ಒಂದು ದಿಕ್ಕಿನ ಮಿಲಿಸೆಕೆಂಡು. ಪಿಂಗ್ ಹೋಗಿ ಬರುವ ಲೆಕ್ಕ, ನಿಮಗೆ ಎರಡೂ ದಿಕ್ಕಿನಲ್ಲಿ 8 ಇಟ್ಟಿದ್ದಾರೆ, ಅದಕ್ಕೇ 14 ಇದ್ದದ್ದು 30 ಆಯಿತು. ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ಮಾತಿದೆ. ಈ ವಿಳಂಬ ಸದಾ ಒಂದೇ ಅಳತೆಯದು. ಗದ್ದಲ ಇರಲಿ, ಇಲ್ಲದಿರಲಿ, 8 ಎಂದರೆ 8. ಅದು ಜಿಟರ್, ಅಂದರೆ ವಿಳಂಬದ ಏರಿಳಿತ, ತರುವುದಿಲ್ಲ. ಆಟದಲ್ಲೋ ಕರೆಯಲ್ಲೋ ಪಿಂಗ್ 30ರಿಂದ 200ಕ್ಕೆ ಹಾರುತ್ತಿದ್ದರೆ ಕಾರಣ ಇಂಟರ್‌ಲೀವಿಂಗ್ ಅಲ್ಲ. ಮನೆಯಲ್ಲಿ ಯಾರೋ ಫೈಲ್ ಏರಿಸುತ್ತಿರಬಹುದು, ಇಲ್ಲವೇ ವೈಫೈ ತೊಂದರೆ ಇರಬಹುದು.

ಎರಡು, ವೇಗ. 255ರಲ್ಲಿ 16 ಬೈಟ್ ಕಾವಲಿಗೆ ಹೋದರೆ ಶೇ 6.3 ಕಡಿತ: 16,000ದಲ್ಲಿ ನಿಮಗೆ ಸಿಗುವುದು 15,000. ಆದರೂ ನೀವು ಕಳೆದುಕೊಂಡದ್ದು 600 ಮಾತ್ರ. ರೀಡ್–ಸಾಲಮನ್ ಇದ್ದಾಗ ಒಂದೊಂದು ಟೋನ್ (ಲೈನ್ ಬಳಸುವ ಒಂದೊಂದು ಆವರ್ತನ) ಸ್ವಲ್ಪ ಹೆಚ್ಚು ಬಿಟ್ ಹೊರುವ ಧೈರ್ಯ ಮಾಡಬಹುದು, ಬೀಳುವ ತಪ್ಪನ್ನು ಹಿಂದಿನಿಂದ ಕೋಡ್ ಹಿಡಿಯುತ್ತದೆ. ಆ ಲಾಭ ಕಡಿತವನ್ನು ಅಷ್ಟಿಷ್ಟು ತುಂಬಿಕೊಡುತ್ತದೆ.

ಈ ಎರಡು ಬೆಲೆಗಳ ನಡುವಿನ ನಂಟು ಗೊತ್ತಿದ್ದರೆ ಕಂಪನಿಯವರ ಜೊತೆ ಸರಿಯಾಗಿ ಮಾತಾಡಬಹುದು. ಕಾವಲಿಗೆ ಹೋಗುವ ಪಾಲು = ಐಎನ್‌ಪಿ ÷ (2 × ಮಿಲಿಸೆಕೆಂಡಿನಲ್ಲಿ ವಿಳಂಬ). ನಿಮ್ಮದು 1 ÷ 16, ಅಂದರೆ ಶೇ 6.25. ವಿಳಂಬ 8ರಲ್ಲೇ ಇಟ್ಟು ಐಎನ್‌ಪಿ 2 ಕೇಳಿದರೆ ಶೇ 12.5 ಹೋಗುತ್ತದೆ. ಐಎನ್‌ಪಿ 2 ಬೇಕು, ಪಾಲು ಮಾತ್ರ ಏರಬಾರದು ಎಂದರೆ ವಿಳಂಬ 16ಕ್ಕೆ ಹೋಗಬೇಕು. ವಿಳಂಬ 4ಕ್ಕೆ ಇಳಿಸಿ ಐಎನ್‌ಪಿ 2 ಕೇಳಿದರೆ ಕಾಲು ಭಾಗ ವೇಗ ಕಾವಲಿಗೇ ಮುಡಿಪು. ರಕ್ಷಣೆ, ವಿಳಂಬ, ವೇಗ – ಮೂರನ್ನೂ ಒಟ್ಟಿಗೆ ಗೆಲ್ಲಲು ಈ ಸೂತ್ರ ಬಿಡುವುದಿಲ್ಲ.

ಡಿ ಹೆಚ್ಚಿದಷ್ಟೂ ಒಳ್ಳೆಯದು ಎಂಬ ಮಾತೂ ಸರಿಯಲ್ಲ. ನಿಮ್ಮ ಲೈನಿಗೆ ಎರಡು ಸಿಂಬಲ್ ಉದ್ದದ ಹೊಡೆತ ಬಿತ್ತು ಎನ್ನಿ: 1,000 ಬೈಟ್, 64ಕ್ಕೆ ಹಂಚಿದರೆ ಕೋಡ್‌ವರ್ಡಿಗೆ 15ರ ಮೇಲೆ. ತಿದ್ದುವ ಮಿತಿ 8. ಈಗ 64 ಕೋಡ್‌ವರ್ಡ್‌ಗಳಲ್ಲಿ ಒಂದೂ ಉಳಿಯುವುದಿಲ್ಲ. ಇಂಟರ್‌ಲೀವಿಂಗ್ ಇಲ್ಲದೇ ಹೋಗಿದ್ದರೆ ನಾಲ್ಕೈದು ಕೆಡುತ್ತಿದ್ದವು. ಹಂಚುವಿಕೆ ಮಿತಿಯೊಳಗೆ ಇರುವವರೆಗೆ ಕಾಪಾಡುತ್ತದೆ, ಮಿತಿ ದಾಟಿದರೆ ಹಾನಿಯನ್ನೇ ಎಲ್ಲ ಕಡೆ ಹಂಚುತ್ತದೆ. ಆದ್ದರಿಂದ ಇಂಟರ್‌ಲೀವಿಂಗ್ ಇದ್ದೂ ಸಿಆರ್‌ಸಿ ರಾಶಿ ರಾಶಿ ಬರುತ್ತಿರುವ ಲೈನಿಗೆ ಡಿ ಒಂದನ್ನೇ ನೋಡಿ ಪ್ರಯೋಜನವಿಲ್ಲ, ಐಎನ್‌ಪಿ ಸಾಲದಾಗಿದೆಯೇ ಎಂದು ನೋಡಬೇಕು.

ಹಾಗಾದರೆ ಇಂಟರ್‌ಲೀವಿಂಗ್ ಬದಲು ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲ ಏರಿದರೂ ತಡೆಯಲು ಇಟ್ಟ ಮೀಸಲು) ಏರಿಸಬಾರದೇ ಎಂದು ಕೆಲವರು ಕೇಳುತ್ತಾರೆ. ಆ ಮದ್ದು ಬೇರೆ ರೋಗಕ್ಕೆ. ಮಾರ್ಜಿನ್ ಸದಾ ಇರುವ, ನಿಧಾನವಾಗಿ ಏರಿಳಿಯುವ ಗದ್ದಲಕ್ಕೆ: ಪಕ್ಕದ ಜೋಡಿ ತಂತಿಗಳಿಂದ ಸೋರಿ ಬರುವ ಸಂಕೇತ (ಕ್ರಾಸ್‌ಟಾಕ್), ರಾತ್ರಿ ಹೊತ್ತು ಬಲವಾಗುವ ರೇಡಿಯೊ ಸ್ಟೇಷನ್. 6 ಡಿಬಿ ಇದ್ದದ್ದನ್ನು 9 ಮಾಡಿದರೆ ಟೋನಿಗೆ ಒಂದು ಬಿಟ್ ಕಡಿಮೆಯಾಗುತ್ತದೆ. 400 ಟೋನ್ ಕೆಲಸ ಮಾಡುತ್ತಿದ್ದರೆ 400 × 4,000, ಅಂದರೆ 1,600 ಕೆಬಿಪಿಎಸ್ ಹೋಯಿತು. ಅಷ್ಟು ಕೊಟ್ಟರೂ ಮೋಟರಿನ ಕಿಡಿ ಮಾರ್ಜಿನ್ನಿಗಿಂತ ಎಷ್ಟೋ ಮೇಲೆ ಹಾರುತ್ತದೆ, ಮತ್ತೆ 500 ಬೈಟ್ ಕೆಟ್ಟೇ ಕೆಡುತ್ತವೆ. ಯಾವ ರೋಗ ಎಂದು ತಿಳಿಯಲು ಮಾರ್ಜಿನ್ ಅನ್ನು ದಿನದಲ್ಲಿ ನಾಲ್ಕು ಹೊತ್ತು ಬರೆದಿಡಿ. ಅದು 6ರಿಂದ 2ಕ್ಕೆ ಇಳಿದಾಗ ಮಾತ್ರ ದೋಷ ಬರುತ್ತಿದ್ದರೆ ಮಾರ್ಜಿನ್ ಏರಿಸಬೇಕಾದ ಲೈನ್. ಮಾರ್ಜಿನ್ ಅಲುಗಾಡದೆ 6ರಲ್ಲೇ ನಿಂತಿದ್ದು ದೋಷ ಮಾತ್ರ ಗುಂಪು ಗುಂಪಾಗಿ ಬಂದರೆ ಇಂಟರ್‌ಲೀವಿಂಗ್ ಬೇಕಾದ ಲೈನ್.

8 ಮಿಲಿಸೆಕೆಂಡ್ ಎಂಬ ಅಂಕಿಗೂ ಕಾರಣವಿದೆ. ವಿದ್ಯುತ್ ಪೂರೈಕೆ 50 ಹರ್ಟ್ಜ್ ಇರುವಲ್ಲಿ ಕೆಟ್ಟ ಅಡಾಪ್ಟರ್, ಡಿಮ್ಮರ್ ಮುಂತಾದವು ಸೆಕೆಂಡಿಗೆ 100 ಸಲ, ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ಹೊಡೆಯುತ್ತವೆ. 60 ಹರ್ಟ್ಜ್ ಇರುವಲ್ಲಿ 8.3 ಮಿಲಿಸೆಕೆಂಡಿಗೊಮ್ಮೆ. ಇಂಟರ್‌ಲೀವರ್ ಹರಡುವ ಅವಧಿ ಅದಕ್ಕಿಂತ ಉದ್ದವಾದರೆ ಒಂದೇ ಕೋಡ್‌ವರ್ಡಿಗೆ ಎರಡು ಹೊಡೆತದ ಪಾಲು ಬೀಳುತ್ತದೆ. 8ರಲ್ಲಿ ನಿಲ್ಲಿಸಿದರೆ ಒಂದಕ್ಕೆ ಒಂದೇ. ಹೀಗೆ ತಾಳ ಹಿಡಿದು ಬರುವ ಗದ್ದಲ ಇರುವ ಮನೆಯಲ್ಲಿ ವಿಳಂಬವನ್ನು 16ಕ್ಕೆ ಏರಿಸಿದರೆ ಎಣಿಸಿದಷ್ಟು ಲಾಭ ಸಿಗದಿರುವುದು ಈ ಕಾರಣಕ್ಕೆ.

ಎಣಿಕೆಗಳನ್ನು ಓದುವುದರಲ್ಲಿ ಎಚ್ಚರ ಬೇಕು. ಸಿಆರ್‌ಸಿ ಒಂದು ಎಂದರೆ ಒಂದು ಪ್ಯಾಕೆಟ್ ಹೋಯಿತು ಎಂದಲ್ಲ. ಹೆಚ್ಚುಕಡಿಮೆ 17 ಮಿಲಿಸೆಕೆಂಡಿನ ತುಂಡಿಗೆ ಒಂದು ತಪಾಸಣೆ ನಡೆಯುತ್ತದೆ. ಅದರೊಳಗೆ ಒಂದು ಬಿಟ್ ಕೆಟ್ಟರೂ ಸಾವಿರ ಬೈಟ್ ಕೆಟ್ಟರೂ ಎಣಿಕೆ ಏರುವುದು ಒಂದೇ. ನಿಮ್ಮ ವೇಗದಲ್ಲಿ ಆ ತುಂಡಿನಲ್ಲಿ ಇಪ್ಪತ್ತರಷ್ಟು ದೊಡ್ಡ ಪ್ಯಾಕೆಟ್ ಹಿಡಿಸುತ್ತವೆ. ಬಳಕೆದಾರನ ಅನುಭವಕ್ಕೆ ಹತ್ತಿರವಾದದ್ದು ಇಎಸ್, ಅಂದರೆ ಒಂದಾದರೂ ದೋಷ ಕಂಡ ಸೆಕೆಂಡುಗಳ ಸಂಖ್ಯೆ. ಒಂದೇ ಸೆಕೆಂಡಿನಲ್ಲಿ 18 ಅಥವಾ ಹೆಚ್ಚು ಸಿಆರ್‌ಸಿ ಬಂದರೆ ಅದು ಎಸ್‌ಇಎಸ್, ಕರೆಯಲ್ಲಿ ಮಾತು ತುಂಡಾಗುವುದು ಕೇಳಿಸುವ ಮಟ್ಟ. ಎಚ್‌ಇಸಿ ಎನ್ನುವುದು ಎಟಿಎಂ (ದತ್ತಾಂಶವನ್ನು ಚಿಕ್ಕ ಕೋಶಗಳಾಗಿ ಕಳಿಸುವ ವಿಧಾನ) ಕೋಶಗಳ ತಲೆಬರಹದ ದೋಷ, ಪಿಟಿಎಂ (ಪ್ಯಾಕೆಟ್‌ಗಳಾಗಿಯೇ ಕಳಿಸುವ ವಿಧಾನ) ಬಳಸುವ ಲೈನಿನಲ್ಲಿ ಅದಕ್ಕೆ ಅರ್ಥವಿಲ್ಲ. ಎಟಿಎಂ ಇರುವಲ್ಲಿ 1,500 ಬೈಟ್‌ನ ಪ್ಯಾಕೆಟ್ 32 ಕೋಶಗಳಾಗಿ ಹೋಗುತ್ತದೆ, ಒಂದು ಕೋಶ ಕೆಟ್ಟರೆ ಇಡೀ ಪ್ಯಾಕೆಟ್ ಬಿಸಾಡಬೇಕು. ಇನ್ನೊಂದು: ಮೋಡೆಮ್ ಎಷ್ಟು ಹೊತ್ತಿನಿಂದ ಸಂಪರ್ಕದಲ್ಲಿದೆ ಎಂದು ಗೊತ್ತಿಲ್ಲದೆ ಯಾವ ಎಣಿಕೆಗೂ ಬೆಲೆಯಿಲ್ಲ. ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಬರೆದುಕೊಂಡು ಕಳೆಯಿರಿ, ಗಂಟೆಗೆ ಎಷ್ಟು ಎಂದು ಲೆಕ್ಕ ಹಾಕಿ.

ನೀವು ಇನ್ನೂ ವೇಗದ ಡಿಎಸ್‌ಎಲ್ ಬಗೆಯಾದ ವಿಡಿಎಸ್‌ಎಲ್2ಗೆ ಹೋದರೆ ಇನ್ನೊಂದು ವ್ಯವಸ್ಥೆ ಸಿಗಬಹುದು: ಜಿ.ಐಎನ್‌ಪಿ, ಶಿಷ್ಟಮಾನದ ಹೆಸರು ಜಿ.998.4. ಅದರಲ್ಲಿ ಕೆಟ್ಟ ತುಂಡನ್ನು ತಂತಿಯ ಮಟ್ಟದಲ್ಲೇ ಮತ್ತೊಮ್ಮೆ ಕೇಳಿ ತರಿಸಿಕೊಳ್ಳುತ್ತಾರೆ. ಗದ್ದಲ ಇಲ್ಲದಾಗ ವಿಳಂಬ ಹೆಚ್ಚುಕಡಿಮೆ ಇಲ್ಲ, ಹೊಡೆತ ಬಿದ್ದಾಗ ಮಾತ್ರ ಕೆಲವು ಮಿಲಿಸೆಕೆಂಡು. ಅಂಥ ಲೈನಿನಲ್ಲಿ ಡಿ 1 ಅಥವಾ 4 ಎಂದು ಕಂಡರೆ ರಕ್ಷಣೆ ಇಲ್ಲ ಎಂದು ತಿಳಿಯಬೇಡಿ. ಮತ್ತೆ ತರಿಸಿಯೂ ಸರಿಯಾಗದ ತುಂಡುಗಳ ಎಣಿಕೆ ಬೇರೆ ಇರುತ್ತದೆ, ಅಲ್ಲಿ ನೋಡಬೇಕಾದದ್ದು ಅದು. ಮೋಡೆಮ್ ಮತ್ತು ಆ ಕಡೆಯ ಸಾಧನ ಎರಡೂ ಬೆಂಬಲಿಸಿದರೆ ಮಾತ್ರ ಇದು ನಡೆಯುತ್ತದೆ.

ಈಗ ಮಾಡಬೇಕಾದ ಕೆಲಸ: ಹೊಡೆತದ ಮೂಲ ಹುಡುಕುವುದು. ಅದು ಸಿಕ್ಕರೆ ಇಂಟರ್‌ಲೀವಿಂಗ್ ತಾನಾಗಿಯೇ ಬೇಡವಾಗುತ್ತದೆ. ನಿಮ್ಮ ಅಂಕಿಗಳಲ್ಲೇ ಒಂದು ಸುಳಿವಿದೆ. ಡೌನ್‌ಸ್ಟ್ರೀಮ್‌ನಲ್ಲಿ ಲಕ್ಷಗಟ್ಟಲೆ, ಅಪ್‌ಸ್ಟ್ರೀಮ್‌ನಲ್ಲಿ 38. ಎಕ್ಸ್‌ಚೇಂಜಿನಿಂದ ಹೊರಟ ಸಂಕೇತ ನಿಮ್ಮ ಮನೆ ಮುಟ್ಟುವ ಹೊತ್ತಿಗೆ ಸೊರಗಿರುತ್ತದೆ, ಅಲ್ಲಿ ಗದ್ದಲ ಬಡಿದರೆ ತಡೆಯದು. ನಿಮ್ಮ ಮೋಡೆಮ್ ಕಳಿಸುವುದು ಅದೇ ಜಾಗದಲ್ಲಿ ಗಟ್ಟಿಯಾಗಿರುತ್ತದೆ. ಗದ್ದಲದ ಮೂಲ ನಿಮ್ಮ ತುದಿಯ ಹತ್ತಿರವೇ ಇರುವ ಸಂಭವ ಹೆಚ್ಚು.

ಮೊದಲು ಮೋಡೆಮ್ಮನ್ನು ಮನೆಯೊಳಗೆ ಲೈನ್ ಬರುವ ಮೊದಲ ಸಾಕೆಟ್ಟಿಗೇ, ಮೋಡೆಮ್ ಜೊತೆ ಬಂದ ಚಿಕ್ಕ ತಂತಿಯಲ್ಲೇ ಜೋಡಿಸಿ. ಬೇರೆ ಕೋಣೆಗಳಿಗೆ ಹೋಗುವ ಎಳೆಗಳನ್ನು ಪೂರ್ತಿ ಬಿಚ್ಚಿ, ಗಂಟೆಗೆ ಎಫ್‌ಇಸಿ ಎಷ್ಟು ಏರುತ್ತದೆ ಎಂದು ಒಂದು ದಿನ ನೋಡಿ. ಹೆಣೆಯದ ಚಪ್ಪಟೆ ಎಕ್ಸ್‌ಟೆನ್ಷನ್ ತಂತಿ ಹತ್ತು ಮೀಟರ್ ಇದ್ದರೆ ಅದೇ ಒಂದು ಆಂಟೆನಾ. ಉದ್ದ ಬೇಕೇ ಬೇಕು ಎಂದರೆ ಹೆಣೆದ ಜೋಡಿ ತಂತಿ ಹಾಕಿ, ಇಲ್ಲವೇ ಮೋಡೆಮ್ ಅಲ್ಲೇ ಇಟ್ಟು ನೆಟ್‌ವರ್ಕ್ ಕೇಬಲ್ ಎಳೆಯಿರಿ. ದೂರವಾಣಿ ಇದ್ದರೆ ಪ್ರತಿಯೊಂದಕ್ಕೂ ಫಿಲ್ಟರ್ ಇರಲಿ.

ಆಮೇಲೆ ಬ್ಯಾಟರಿಯಲ್ಲಿ ನಡೆಯುವ ಮೀಡಿಯಂ ವೇವ್ ರೇಡಿಯೊ ತೆಗೆದುಕೊಳ್ಳಿ. ಎಡಿಎಸ್‌ಎಲ್2+ ಬಳಸುವುದು 2.2 ಮೆಗಾಹರ್ಟ್ಜ್‌ವರೆಗೆ, ಮೀಡಿಯಂ ವೇವ್ ಪೂರ್ತಿ ಅದರೊಳಗೇ ಬರುತ್ತದೆ. ಸ್ಟೇಷನ್ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ ಮೋಡೆಮ್ ಹತ್ತಿರ, ಲೈನ್ ಹಾದುಹೋಗುವ ಗೋಡೆಯುದ್ದಕ್ಕೂ, ಒಂದೊಂದು ಅಡಾಪ್ಟರ್ ಬಳಿಯೂ ಹಿಡಿಯಿರಿ. ಗರಗರ ಜೋರಾದಲ್ಲಿ ಆ ಸಾಧನದ ಪ್ಲಗ್ ತೆಗೆದು ನೋಡಿ. ಹೆಚ್ಚಾಗಿ ಸಿಕ್ಕಿಬೀಳುವುದು ಅಗ್ಗದ ಚಾರ್ಜರ್, ಎಲ್‌ಇಡಿ ದೀಪದ ಡ್ರೈವರ್, ಡಿಮ್ಮರ್, ವಿದ್ಯುತ್ ತಂತಿಯ ಮೂಲಕ ನೆಟ್‌ವರ್ಕ್ ಕಳಿಸುವ ಅಡಾಪ್ಟರ್. ಮೋಡೆಮ್‌ನ ಸ್ವಂತ ಅಡಾಪ್ಟರನ್ನು ಯಾರೂ ಅನುಮಾನಿಸುವುದಿಲ್ಲ, ನಾಲ್ಕೈದು ವರ್ಷ ಹಳೆಯದಾದರೆ ಮೊದಲು ಅದನ್ನೇ ಅನುಮಾನಿಸಿ. ಅದು 12 ವೋಲ್ಟ್ ಡಿಸಿ ಆಗಿದ್ದರೆ ಪ್ಲಸ್ ಮೈನಸ್ ಸರಿನೋಡಿ 12 ವೋಲ್ಟ್ ಬ್ಯಾಟರಿಯಿಂದ ಮೋಡೆಮ್ ನಡೆಸಿ, ಮನೆಯ ಮೇನ್ ಸ್ವಿಚ್ ಹತ್ತು ನಿಮಿಷ ಆರಿಸಿ. ಮೋಡೆಮ್ ಪುಟವನ್ನು ಬ್ಯಾಟರಿ ಇರುವ ಲ್ಯಾಪ್‌ಟಾಪಿನಲ್ಲಿ ನೋಡಿ. ಎಫ್‌ಇಸಿ ಏರುವುದು ನಿಂತರೆ ಮೂಲ ಮನೆಯೊಳಗಿದೆ, ಒಂದೊಂದೇ ಸರ್ಕ್ಯೂಟ್ ಹಾಕುತ್ತಾ ಹೋದರೆ ಸಿಗುತ್ತದೆ. ಈ ಪರೀಕ್ಷೆಗೆ ಯುಪಿಎಸ್ ಬಳಸಬೇಡಿ, ಎಷ್ಟೋ ಯುಪಿಎಸ್‌ಗಳು ತಾವೇ ಗದ್ದಲ ಮಾಡುತ್ತವೆ. ಮೇನ್ ಆರಿಸಿದರೂ ಎಣಿಕೆ ಮೊದಲಿನಂತೆಯೇ ಏರುತ್ತಿದ್ದರೆ ಮೂಲ ಹೊರಗಿದೆ.

ದೂರವಾಣಿ ಎತ್ತಿದಾಗ ಅಥವಾ ರಿಂಗ್ ಆದಾಗ ಮಾತ್ರ ಸಂಪರ್ಕ ಕಡಿದುಹೋಗುತ್ತಿದ್ದರೆ, ಮಾತಿನ ನಡುವೆ ಚಟಪಟ ಕೇಳುತ್ತಿದ್ದರೆ ಅದು ಹೆಚ್ಚಾಗಿ ತುಕ್ಕು ಹಿಡಿದ ಜಾಯಿಂಟ್. ಅದಕ್ಕೆ ಇಂಟರ್‌ಲೀವಿಂಗ್ ಮದ್ದಲ್ಲ, ಬಿಚ್ಚಿ ಹೊಸದಾಗಿ ಕಟ್ಟಿಸಲೇಬೇಕು. ದೂರನ್ನು ಇಂಟರ್ನೆಟ್ ನಿಧಾನ ಎಂದು ಬರೆಸಬೇಡಿ, ಮಾತಿನಲ್ಲಿ ಗದ್ದಲ ಇದೆ ಎಂದು ಬರೆಸಿ, ತಂತಿ ನೋಡುವವರು ಬರುತ್ತಾರೆ.

ಹುಡುಕಾಟದ ನಡುವೆ ಮೋಡೆಮ್ಮನ್ನು ಪದೇ ಪದೇ ಆರಿಸಿ ಹಾಕಬೇಡಿ. ಲೈನನ್ನು ತಾನಾಗಿ ನಿಭಾಯಿಸುವ ವ್ಯವಸ್ಥೆ ಆ ಕಡೆ ಇದ್ದರೆ ಅದು ನಿಮ್ಮ ಸ್ವಿಚ್ಚನ್ನೂ ಲೈನ್ ಬಿದ್ದದ್ದನ್ನೂ ಒಂದೇ ಎಂದು ಎಣಿಸಿ ವೇಗ ಇನ್ನಷ್ಟು ಇಳಿಸಬಹುದು.

ಡೌನ್‌ಸ್ಟ್ರೀಮ್ ಎಫ್‌ಇಸಿ ಗಂಟೆಗೆ ಈಗ 7,000ದ ಹತ್ತಿರ ಏರುತ್ತಿದೆ. ಮೂಲ ಸಿಕ್ಕಿ ಅದು ನೂರರ ಆಸುಪಾಸಿಗೆ ಬಂದು ಒಂದು ವಾರ ಹಾಗೇ ನಿಂತರೆ ಫಾಸ್ಟ್ ಪಾಥ್ (ಇಂಟರ್‌ಲೀವಿಂಗ್ ಇಲ್ಲದ ದಾರಿ) ಕೇಳಬಹುದು. ಅಲ್ಲಿಯವರೆಗೆ ಕಾಯಬೇಕಾಗಿಲ್ಲದ ಒಂದು ಕೆಲಸವಿದೆ. ಇಂಟರ್‌ಲೀವಿಂಗ್ ಎರಡು ದಿಕ್ಕಿಗೂ ಬೇರೆ ಬೇರೆ ಇಡಬಹುದಾದ ಸಂಗತಿ. ಮೋಡೆಮ್‌ನಲ್ಲಿ ಅದಕ್ಕೆ ಗುಂಡಿ ಇರುವುದಿಲ್ಲ, ಎಕ್ಸ್‌ಚೇಂಜ್ ಕಡೆಯ ಪ್ರೊಫೈಲ್‌ನಲ್ಲಿ ಬದಲಿಸಬೇಕು. ಕಂಪನಿಯವರಿಗೆ ಹೀಗೆ ಬರೆಯಿರಿ: ಡೌನ್‌ಸ್ಟ್ರೀಮ್ ಐಎನ್‌ಪಿ 1, ವಿಳಂಬ 8 ಹಾಗೇ ಇರಲಿ. ಅಪ್‌ಸ್ಟ್ರೀಮ್‌ನಲ್ಲಿ ಎರಡು ದಿನಕ್ಕೆ ಎಫ್‌ಇಸಿ 38, ಸಿಆರ್‌ಸಿ 0 ಇದೆ, ಅದನ್ನು ಫಾಸ್ಟ್ ಮಾಡಿಕೊಡಿ. ಒಪ್ಪಿದರೆ ಲೈನ್ ಒಮ್ಮೆ ಬಿದ್ದು ಏಳುತ್ತದೆ, ಪಿಂಗ್ 22ಕ್ಕೆ ಬರುತ್ತದೆ, ವಿಡಿಯೊ ಕರೆ ಈಗಿನಂತೆಯೇ ನಡೆಯುತ್ತದೆ.